ಶಾಲೆಯ ಗೋಡೆಯ ಮೇಲಿನ ಮೂರು ಸಂಖ್ಯೆಗಳು: ಮಕ್ಕಳ ಸಹಾಯವಾಣಿಗಳ ಬಗ್ಗೆ ರಾಯಚೂರು ಜಿಲ್ಲೆಯ ಶಿಕ್ಷಕಿಯೊಬ್ಬರ ವಿಮರ್ಶೆ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ನಮ್ಮ ಸರ್ಕಾರಿ ಪ್ರೌಢಶಾಲೆಯ ಗೋಡೆಯ ಮೇಲೆ ಮೂರು ದೂರವಾಣಿ ಸಂಖ್ಯೆಗಳನ್ನು ದಪ್ಪ ಅಕ್ಷರಗಳಲ್ಲಿ ಬರೆಸಿದ್ದೇವೆ: ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ತುರ್ತು ನೆರವಿನ 112. ಮೂರೂ ಉಚಿತ, ಮೂರೂ ಹಗಲಿರುಳು ತೆರೆದಿರುತ್ತವೆ. ಆದರೆ ಒಂದು ಮಗು ನಿಜವಾಗಿಯೂ ಸಂಕಟದಲ್ಲಿ ಸಿಲುಕಿದಾಗ ಇವುಗಳಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಯಾವ ಹೊತ್ತಿನಲ್ಲಿ ಯಾವುದಕ್ಕೆ ಕರೆ ಮಾಡಬೇಕು ಎಂಬುದನ್ನು ಬಳಸಿ ನೋಡಿದವರು ಬರೆದಿಟ್ಟರೆ ಉಳಿದ ಶಿಕ್ಷಕರಿಗೂ ಪಾಲಕರಿಗೂ ಅನುಕೂಲವಾಗುತ್ತದೆ ಎಂಬ ಕಾರಣಕ್ಕೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವ ಮಕ್ಕಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಫೋನಿನ ಆ ತುದಿಯಲ್ಲಿರುವ ಸೇವೆ ನಮ್ಮ ಕಡೆಯ ಜನ ಅಂದುಕೊಂಡದ್ದಕ್ಕಿಂತ ಬಹಳ ಚೆನ್ನಾಗಿದೆ. ಈ ತುದಿಯಲ್ಲಿ, ಅಂದರೆ ಶಾಲೆಯಲ್ಲಿ, ಮಗುವಿನ ಪಕ್ಕದಲ್ಲಿ ಕೂತು, ಕರೆ ಮಾಡಿ, ಮರುದಿನವೂ ವಿಚಾರಿಸುವ ಒಬ್ಬ ಗೊತ್ತಾದ ವ್ಯಕ್ತಿ ಇಲ್ಲದಿದ್ದರೆ ಆ ಸೇವೆ ಮಗುವಿಗೆ ಮುಟ್ಟುವುದೇ ಇಲ್ಲ.

ಟೆಲಿ ಮನಸ್ ಸೇವೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭಿಸಿತು. ದೇಶಮಟ್ಟದಲ್ಲಿ ಇದರ ಮಾರ್ಗದರ್ಶನ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಕರೆ ಮಾಡಿ ಭಾಷೆಯನ್ನು ಆರಿಸಿಕೊಂಡರೆ ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ವಿಷಯ ಗಂಭೀರವೆನಿಸಿದರೆ ಅವರು ಮನಶ್ಶಾಸ್ತ್ರಜ್ಞರಿಗೋ ಮನೋವೈದ್ಯರಿಗೋ ಕರೆಯನ್ನು ದಾಟಿಸುತ್ತಾರೆ. ನೇರವಾಗಿ ತೋರಿಸಿಕೊಳ್ಳಬೇಕಾದ ಸಂದರ್ಭದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿಗೆ ಕಳಿಸುತ್ತಾರೆ. ಈ ಸಂಖ್ಯೆ ಕಷ್ಟದಲ್ಲಿರುವವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಷ್ಟದಲ್ಲಿರುವ ಮಗುವನ್ನು ಎದುರಿಗೆ ಕೂರಿಸಿಕೊಂಡು ಏನು ಮಾಡಬೇಕೆಂದು ತೋಚದೆ ಇರುವ ಶಿಕ್ಷಕರೂ ತಾವಾಗಿ ಕರೆ ಮಾಡಿ ಕೇಳಬಹುದು. ಶಾಲೆಯ ಮಟ್ಟಿಗೆ ಈ ಸೇವೆಯ ದೊಡ್ಡ ಪ್ರಯೋಜನ ಇದೇ ಎಂದು ನನಗೆ ಮನವರಿಕೆಯಾಗಿದೆ.

ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಂಚಿದ ವಾರದಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬನ ಗಣಿತದ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ, ತಾನಿಲ್ಲದಿದ್ದರೆ ಮನೆಯ ಮೇಲಿನ ಭಾರ ಕಡಿಮೆಯಾದೀತು ಎಂಬ ಅರ್ಥದ ನಾಲ್ಕಾರು ಸಾಲುಗಳು ಕಂಡವು. ಅವನ ತಂದೆ-ತಾಯಿ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗಿದ್ದರು. ಊರಲ್ಲಿ ಇದ್ದವರು ಅವನು ಮತ್ತು ಅವನ ಅಜ್ಜಿ. ಊಟದ ಬಿಡುವಿನಲ್ಲಿ ಗ್ರಂಥಾಲಯದ ಕೋಣೆಯಲ್ಲಿ ಅವನನ್ನು ಸಹಶಿಕ್ಷಕರ ಜೊತೆ ಕೂರಿಸಿ, ನಾನು ಹೊರಗೆ ಬಂದು 14416ಕ್ಕೆ ಕರೆ ಮಾಡಿದೆ. ಆ ಕಡೆಯಿಂದ ಮಾತನಾಡಿದ ಹೆಣ್ಣುಮಗಳು ಮೊದಲು ಕೇಳಿದ್ದು, "ಹುಡುಗ ಈಗ ಎಲ್ಲಿದ್ದಾನೆ, ಪಕ್ಕದಲ್ಲಿ ಯಾರಿದ್ದಾರೆ?" ಎಂದು. ನನ್ನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಆಕೆ ಮೊದಲು ಕೇಳಲಿಲ್ಲ. ಆಮೇಲೆ ಅವನು ಹಿಂದೆಂದಾದರೂ ಇಂಥ ಮಾತು ಆಡಿದ್ದನೇ, ಮನೆಯಲ್ಲಿ ಯಾರಿದ್ದಾರೆ, ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ ಕೈಗೆ ಸಿಗುವಂತೆ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ನಮ್ಮ ಊರುಗಳಲ್ಲಿ ಆ ಕೊನೆಯ ಪ್ರಶ್ನೆಗೆ ಇಲ್ಲ ಎನ್ನುವ ಮನೆ ಅಪರೂಪ.

ಅವರು ಹೇಳಿಕೊಟ್ಟದ್ದರಲ್ಲಿ ಒಂದು ಮಾತು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಬಹಳ ದಿನ ಚರ್ಚೆಯಾಯಿತು. ಸಾಯುವ ಯೋಚನೆ ಬಂದಿದೆಯೇ ಎಂದು ಮಗುವನ್ನು ನೇರವಾಗಿ, ಮೆಲ್ಲನೆ ಕೇಳಿ ಎಂದರು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮೆಲ್ಲರಲ್ಲಿತ್ತು. ಈ ಭಯಕ್ಕೆ ಆಧಾರವಿಲ್ಲ ಎಂಬುದು ಈ ಕ್ಷೇತ್ರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ; ಯಾರಾದರೂ ಕೇಳಿದರಲ್ಲ ಎಂಬ ನಿರಾಳವೇ ಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತದೆ. ಕೇಳಿದಾಗ ಹುಡುಗ ಅತ್ತ. "ನಿದ್ದಿನೇ ಹತ್ತವಲ್ದು ಮೇಡಮ್ರೀ, ಅಪ್ಪಾಗ ಹೇಳಬ್ಯಾಡ್ರಿ" ಎಂದ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಯಾರಿಗೆ ಹೇಗೆ ಹೇಳೋಣವೆಂದು ಅವನ ಜೊತೆಯಲ್ಲೇ ಕೂತು ತೀರ್ಮಾನಿಸಿ ಎಂದು ಸಮಾಲೋಚಕರು ಮೊದಲೇ ಎಚ್ಚರಿಸಿದ್ದರಿಂದ, "ಹೇಳೂದು ಹೇಳೂಣು ತಮ್ಮಾ, ಬೈದಂಗ ಹೇಳೂಣು" ಎಂದು ಒಪ್ಪಿಸಿದೆ. ಆನಂತರ ಅವನೇ ಫೋನು ಹಿಡಿದು ಅವರೊಂದಿಗೆ ಮಾತನಾಡಿದ. ನಮ್ಮ ಕಡೆಯ ಮಾತಿನಲ್ಲೇ ಅವನು ಹೇಳಿಕೊಂಡ. ಅವರು ಅದನ್ನು ತಿದ್ದದೆ, ತಡೆಯದೆ ಕೇಳಿಸಿಕೊಂಡರು. ಸಂಜೆ ಅವನನ್ನು ಒಬ್ಬನೇ ಕಳಿಸದೆ ನೆರೆಮನೆಯ ಕಾಕಾ ಬಂದು ಕರೆದುಕೊಂಡು ಹೋದರು. ಔಷಧಿಯ ಡಬ್ಬಿಗಳು ಬೇರೆಯವರ ಕೊಟ್ಟಿಗೆಯಲ್ಲಿ ಬೀಗದೊಳಗೆ ಸೇರಿದವು. ತಂದೆ ರಾತ್ರಿಯ ಬಸ್ಸು ಹಿಡಿದು ಬಂದರು.

ಈ ಒಂದು ಪ್ರಸಂಗವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಸಹಾಯವಾಣಿಗಳ ಬಗ್ಗೆ ನಮ್ಮಲ್ಲಿರುವ ದೊಡ್ಡ ಅನುಮಾನ, ಅಲ್ಲಿ ಯಾರೋ ಪುಸ್ತಕದ ಭಾಷೆಯಲ್ಲಿ ಬುದ್ಧಿವಾದ ಹೇಳಿ ಫೋನು ಇಡುತ್ತಾರೆ ಎಂಬುದು. ನನಗೆ ಸಿಕ್ಕದ್ದು ಬುದ್ಧಿವಾದವಲ್ಲ. ಮುಂದಿನ ಒಂದು ಗಂಟೆ, ಮುಂದಿನ ಒಂದು ರಾತ್ರಿ ಏನು ಮಾಡಬೇಕೆಂಬ ಸ್ಪಷ್ಟವಾದ ಸೂಚನೆ. ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆಯಿಂದ ವಿಷಯವನ್ನು ಮುಚ್ಚಿಡುವ ಮನೆಗಳೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಯ ಪ್ರಯತ್ನಕ್ಕೆ ಕೈಹಾಕಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರನ್ನು ಶಿಕ್ಷೆಗೆ ಗುರಿಪಡಿಸದೆ ಆರೈಕೆ ಒದಗಿಸಬೇಕೆಂದು ಹೇಳುತ್ತದೆ. ಪಾಲಕರ ಸಭೆಯಲ್ಲಿ ಇದನ್ನು ನಾವು ಬಾಯಿಬಿಟ್ಟು ಹೇಳುತ್ತೇವೆ.

ಮಿತಿಗಳೂ ಇವೆ. ಒಮ್ಮೆ ಮಾತನಾಡಿದ ಸಮಾಲೋಚಕರೇ ಮುಂದಿನ ಸಲವೂ ಸಿಗುತ್ತಾರೆಂಬ ಭರವಸೆ ದೂರವಾಣಿ ಸೇವೆಯ ಸ್ವರೂಪದಲ್ಲೇ ಇಲ್ಲ. ಆದ್ದರಿಂದ ಯಾವ ದಿನ ಏನು ಹೇಳಿದರು, ಮಗು ಏನು ಹೇಳಿತು ಎಂಬುದನ್ನು ಶಿಕ್ಷಕರು ಒಂದು ಪ್ರತ್ಯೇಕ ಪುಸ್ತಕದಲ್ಲಿ, ಹಾಜರಿ ಪುಸ್ತಕದ ಜೊತೆ ಸೇರದಂತೆ, ಬೀಗದ ಬೀರುವಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕಿಂತ ದೊಡ್ಡ ತೊಡಕು ಫೋನಿನದು. ಗೋಡೆಯ ಮೇಲೆ ಸಂಖ್ಯೆ ಇದೆ, ಆದರೆ ಶಾಲೆಗೆ ಮೊಬೈಲ್ ತರುವಂತಿಲ್ಲ; ವಸತಿ ಶಾಲೆಗಳಲ್ಲಂತೂ ಫೋನು ಇರುವುದು ವಾರ್ಡನ್ನರ ಕೈಯಲ್ಲಿ. ಮನೆಯಲ್ಲಿರುವ ಒಂದೇ ಫೋನು ಅಪ್ಪನದೋ ಅಣ್ಣನದೋ ಆಗಿರುತ್ತದೆ. ಯಾರ ಬಗ್ಗೆ ಹೇಳಿಕೊಳ್ಳಬೇಕೋ ಅವರ ಫೋನಿನಿಂದಲೇ ಹೇಳಿಕೊಳ್ಳಬೇಕಾದ ಹುಡುಗಿಗೆ ಉಚಿತ ಸೇವೆಯಿಂದ ಏನು ಪ್ರಯೋಜನ? ನಮ್ಮ ಶಾಲೆಯಲ್ಲಿ ಗ್ರಂಥಾಲಯದ ಕೋಣೆಯಲ್ಲಿ ಒಂದು ಸಾದಾ ಕೀಪ್ಯಾಡ್ ಫೋನು ಇಟ್ಟಿದ್ದೇವೆ. ಬಾಗಿಲು ಹಾಕಿಕೊಂಡು ಮಾತನಾಡಬಹುದು, ಕಾರಣ ಯಾರೂ ಕೇಳುವುದಿಲ್ಲ. ಪಾಲಕರು ಸದಸ್ಯರಾಗಿರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದಕ್ಕೆ ಒಪ್ಪಿಗೆ ಪಡೆಯುವುದು ಸುಲಭವಿರಲಿಲ್ಲ. ಕೊನೆಗೆ ಒಪ್ಪಿದ್ದು ಆ ಸಮಿತಿಯಲ್ಲಿರುವ ತಾಯಂದಿರು.

1098ರ ಸ್ವಭಾವ ಬೇರೆ. 1996ರಲ್ಲಿ ಮುಂಬಯಿಯಲ್ಲಿ ಬೀದಿ ಮಕ್ಕಳಿಗಾಗಿ ಆರಂಭವಾದ ಈ ಸೇವೆ ದೀರ್ಘ ಕಾಲ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆದು, 2023ರಿಂದ ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಸರ್ಕಾರದ ಕೈಗೆ ಬಂದಿದೆ ಮತ್ತು 112ರ ಜೊತೆ ಜೋಡಣೆಯಾಗಿದೆ. ಟೆಲಿ ಮನಸ್ ಮನಸ್ಸಿನ ಸಂಕಟಕ್ಕೆ. 1098 ಮಗು ಅಪಾಯದಲ್ಲಿದ್ದಾಗ ಯಾರಾದರೂ ಸ್ಥಳಕ್ಕೆ ಬರಬೇಕಾದ ಸಂದರ್ಭಕ್ಕೆ. ಹೊಡೆತ, ದುಡಿಮೆಗೆ ಹಚ್ಚುವುದು, ಓಡಿಹೋದ ಅಥವಾ ಕಾಣೆಯಾದ ಮಗು, ಬಾಲ್ಯವಿವಾಹ ಇವೆಲ್ಲ ಇಲ್ಲಿಗೆ ಸೇರುತ್ತವೆ. ಜೀವಕ್ಕೆ ಆ ಕ್ಷಣದಲ್ಲೇ ಅಪಾಯವಿದ್ದರೆ ಯೋಚಿಸದೆ 112, ಅಥವಾ ಆಂಬುಲೆನ್ಸಿಗೆ 108.

ನಮ್ಮಲ್ಲಿ 1098ಕ್ಕೆ ಕರೆ ಹೋಗುವುದು ಹೆಚ್ಚಾಗಿ ಬಾಲ್ಯವಿವಾಹದ ವಿಷಯಕ್ಕೆ, ಅದೂ ಜಾತ್ರೆ ಮತ್ತು ಸಾಮೂಹಿಕ ವಿವಾಹಗಳ ಬೇಸಿಗೆಯ ತಿಂಗಳುಗಳಲ್ಲಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪರೀಕ್ಷೆ ಮುಗಿಯುವ ಮುಂಚೆಯೇ ಬರುವುದನ್ನು ನಿಲ್ಲಿಸಿದಾಗ ಗೆಳತಿ ಬಂದು, "ಆಕಿಗೆ ಲಗ್ನ ಗೊತ್ತು ಮಾಡ್ಯಾರ್ರಿ, ನಾ ಹೇಳೀನಂತ ಹೇಳಬ್ಯಾಡ್ರಿ" ಎಂದಳು. ಕರೆ ಮಾಡಿದವರ ಹೆಸರನ್ನು ಹೇಳಲೇಬೇಕೆಂಬ ಒತ್ತಾಯ ಸಹಾಯವಾಣಿಯಲ್ಲಿ ಬರಲಿಲ್ಲ. ಹುಡುಗಿಯ ವಯಸ್ಸು, ಊರು, ಮದುವೆಯ ದಿನ, ಶಾಲಾ ದಾಖಲಾತಿಯಲ್ಲಿರುವ ಜನ್ಮದಿನಾಂಕ ಇಷ್ಟನ್ನು ಬರೆದುಕೊಂಡರು. ಮರುದಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು, ಪೊಲೀಸರು, ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಓ) ಕೂಡಿ ಆ ಮನೆಗೆ ಹೋದರು. ಪಿಡಿಓ ಅವರೂ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳಲ್ಲಿ ಒಬ್ಬರು. 2006ರ ಕೇಂದ್ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. ಇದನ್ನು ಮನೆಯ ಹಿರಿಯರಿಗೆ ಸಮಾಧಾನದಿಂದ ತಿಳಿಸಿ ಹೇಳಿದ ಅಧಿಕಾರಿಯ ಮಾತಿನಿಂದಲೇ ಆ ಲಗ್ನ ನಿಂತಿತು.

ಆದರೆ ಲಗ್ನ ನಿಂತ ಮೇಲಿನ ಕಥೆ ಅಷ್ಟು ಚೆನ್ನಾಗಿಲ್ಲ. ತಂದೆಯಿಂದ ಮುಚ್ಚಳಿಕೆ ಬರೆಸಿಕೊಂಡ ಮೇಲೆ ಕೆಲಸ ಮುಗಿಯಿತು ಎಂಬ ಧೋರಣೆ ವ್ಯವಸ್ಥೆಯಲ್ಲಿ ಬೇರೂರಿದೆ. ಮಾಹಿತಿ ಕೊಟ್ಟದ್ದು ಶಾಲೆಯವರೆಂಬ ವಿಷಯ ಒಂದು ಕಚೇರಿಯಿಂದ ಊರಿಗೆ ಸೋರಿತು. ಯಾವ ಕಚೇರಿ ಎಂದು ಬರೆಯುವುದು ಇಲ್ಲಿ ಬೇಡ. ಆದರೆ ಅದರ ಪರಿಣಾಮವನ್ನು ಹೇಳಲೇಬೇಕು. ಹುಡುಗಿಯ ಸೋದರಮಾವ ಶಾಲೆಯ ಗೇಟಿಗೆ ಬಂದು ಕೂಗಾಡಿದರು. ಆ ಮನೆಯ ತಂಗಿಯನ್ನೂ ಕೆಲವು ದಿನ ಶಾಲೆ ಬಿಡಿಸಿದರು. ಗೆಳತಿ ಹೆದರಿ ನಮ್ಮೊಂದಿಗೆ ಮಾತು ಬಿಟ್ಟಳು. ಇಂಥದ್ದು ಒಮ್ಮೆ ನಡೆದರೆ ಆ ಊರಿನಿಂದ ಮುಂದಿನ ಕರೆ ಬರುವುದಿಲ್ಲ. ಮಾಹಿತಿ ಕೊಟ್ಟವರ ಗುಟ್ಟು ಕಾಯುವುದು ಸಹಾಯವಾಣಿಯ ಕೋಣೆಯಲ್ಲಿ ಮಾತ್ರ ನಡೆದರೆ ಸಾಲದು. ಕರೆಯ ಟಿಪ್ಪಣಿ ಕೈಯಿಂದ ಕೈಗೆ ಹೋಗುವ ಪ್ರತಿಯೊಂದು ಮೇಜಿನಲ್ಲೂ ನಡೆಯಬೇಕು.

ಲಗ್ನ ಗೊತ್ತು ಮಾಡಿದ್ದಕ್ಕೆ ಬಡತನವೇ ಕಾರಣವಾಗಿದ್ದರೆ ಆ ಬಡತನಕ್ಕೂ ಏನಾದರೂ ದಾರಿ ಹುಡುಕಬೇಕು. ತಂದೆಯನ್ನು ಕಳೆದುಕೊಂಡವರೇ ಮೊದಲಾಗಿ ಕಷ್ಟದಲ್ಲಿರುವ ಮಕ್ಕಳಿಗೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಡಿ, ಆದಾಯ ಮಿತಿಗೆ ಒಳಪಟ್ಟು, ತಿಂಗಳಿಗೆ 4,000 ರೂಪಾಯಿ ನೆರವು ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಡಬಹುದು. ಲಗ್ನ ತಡೆಯಲು ಹೋದ ತಂಡದ ಕೈಯಲ್ಲಿ ಈ ಅರ್ಜಿಯೂ ಇರುವಂತಾದರೆ, ಮನೆಯವರು ಅವರನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಲೈಂಗಿಕ ದೌರ್ಜನ್ಯದ ಅನುಮಾನವಿದ್ದಾಗ ಸಹಾಯವಾಣಿಗೆ ಕರೆ ಮಾಡಿ ಕೈತೊಳೆದುಕೊಳ್ಳುವಂತಿಲ್ಲ ಎಂಬುದನ್ನು ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಅದೇ ಅಪರಾಧ. ಶಾಲೆಯ ಹೆಸರು ಹಾಳಾಗುತ್ತದೆ ಎಂದು ಒಳಗೊಳಗೇ ಪಂಚಾಯಿತಿ ಮಾಡುವುದು ಮಗುವಿಗೆ ಮಾಡುವ ಎರಡನೇ ದ್ರೋಹ. ಮಗುವನ್ನು ಮತ್ತೆ ಮತ್ತೆ ಕರೆದು ನಡೆದದ್ದನ್ನು ಹೇಳಿಸಬಾರದು. ಅದು ಹೇಳಿದಷ್ಟನ್ನು ಅದರದೇ ಮಾತಿನಲ್ಲಿ ಬರೆದಿಟ್ಟರೆ ಸಾಕು. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಬಯಸಿದ ಸ್ಥಳದಲ್ಲೋ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಇದನ್ನು ಪಾಲಕರಿಗೆ ಮೊದಲೇ ತಿಳಿಸಿದರೆ ಠಾಣೆಯ ಭಯ ಅರ್ಧ ಇಳಿಯುತ್ತದೆ.

ಫೋನಿನಿಂದ ಆಸ್ಪತ್ರೆಗೆ ಹೋಗುವ ದಾರಿಯ ಬಗ್ಗೆ ಬರೆಯುವಾಗ ನಮ್ಮ ಭಾಗದ ಒಂದು ಹೆಮ್ಮೆಯ ಸಂಗತಿಯನ್ನು ನೆನೆಯಬೇಕು. ಇಂದು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. 1980ರ ದಶಕದ ನಡುಭಾಗದಲ್ಲಿ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಊರಿನ ಆಸ್ಪತ್ರೆಯಿಂದ ಹಳ್ಳಿಯ ಹತ್ತಿರಕ್ಕೆ ತಂದು ತೋರಿಸಿತು. ಅದನ್ನೇ 'ಬಳ್ಳಾರಿ ಮಾದರಿ' ಎಂದು ಕರೆದು 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಕೈಗೆತ್ತಿಕೊಳ್ಳಲಾಯಿತು. ಕಲ್ಯಾಣ ಕರ್ನಾಟಕವೆಂದರೆ ಬರೀ ಹಿಂದುಳಿದಿರುವಿಕೆಯ ಅಂಕಿಸಂಖ್ಯೆ ಎಂದು ಓದಿ ಓದಿ ಸಾಕಾದ ನಮಗೆ ಈ ಇತಿಹಾಸ ಗೊತ್ತಿರಬೇಕು. ದೇಶಕ್ಕೆ ದಾರಿ ತೋರಿಸಿದ ಈ ಸೀಮೆಯಲ್ಲೇ ಒಂದು ಮಗುವಿಗೆ ಮನೋವೈದ್ಯರು ಸಿಗಲು ವಾರಗಟ್ಟಲೆ ಕಾಯಬೇಕಾಗುವುದು ನನಗೆ ಸಹಿಸಲಾಗದ ಮಾತು.

ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್ ಇದೆ, ಕೊಪ್ಪಳದಲ್ಲೂ ಬಳ್ಳಾರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಟು ಬಹಳ ಒಳ್ಳೆಯದು. ಮಾತ್ರೆಗಳು ಅಲ್ಲಿಯೇ ಉಚಿತವಾಗಿ ಸಿಗುತ್ತವೆ. ಆದರೆ ಮಂಗಳವಾರ ತಾಯಿಯ ಕೂಲಿಯ ದಿನವೂ ಹೌದು, ಮಗುವಿನ ತರಗತಿಯ ದಿನವೂ ಹೌದು. ಹತ್ತಿ ಬಿಡಿಸುವ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಬಸ್ಸಿನ ಖರ್ಚು ಹಾಕಿಕೊಂಡು ಬರಬೇಕಾದ ತಾಯಿ ಎರಡನೇ ಭೇಟಿಗೆ ಬರದಿದ್ದರೆ ಅವಳನ್ನು ದೂರುವುದು ನ್ಯಾಯವಲ್ಲ. ಜೊತೆಗೆ ಆ ಸಾಲಿನಲ್ಲಿ ಹಿರಿಯ ರೋಗಿಗಳ ನಡುವೆ ಸಮವಸ್ತ್ರದಲ್ಲಿ ನಿಂತ ಹುಡುಗನನ್ನು ಊರವರು ನೋಡಿದರೆ ಮರುದಿನ ಶಾಲೆಯಲ್ಲಿ ಅವನಿಗೊಂದು ಅಡ್ಡಹೆಸರು ಬಿದ್ದಿರುತ್ತದೆ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ, ತಿಂಗಳಿಗೊಮ್ಮೆಯಾದರೂ ಮಾನಸಿಕ ಆರೋಗ್ಯದ ತಜ್ಞರು ಕೂರುವಂತಾದರೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಹೋರಾಟಕ್ಕೆ ಕೂತವರ ಬೇಡಿಕೆಯಲ್ಲಿ ನಮ್ಮ ಶಾಲೆಯ ಮಕ್ಕಳ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಇನ್ನು ಶಾಲೆಯೊಳಗಿನ ಮಾತು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ತೀರ್ಪು ನೀಡುತ್ತ, ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿಗಳನ್ನು ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿಯಾಗಬೇಕು, ಸಹಾಯವಾಣಿಯ ಸಂಖ್ಯೆಗಳನ್ನು ಎದ್ದು ಕಾಣುವಂತೆ ಬರೆಸಬೇಕು ಎಂಬುವು ಅವುಗಳಲ್ಲಿ ಕೆಲವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಜೀವ ಕಳೆದುಕೊಂಡಿದ್ದಾರೆ. ಮೂರು ಮಾರ್ಗಸೂಚಿಗಳಲ್ಲಿ ಸಂಖ್ಯೆ ಬರೆಸುವುದು ಎಲ್ಲಕ್ಕಿಂತ ಅಗ್ಗದ್ದು. ಆದ್ದರಿಂದ ಅದು ಮೊದಲು ಆಯಿತು. ಸಮಾಲೋಚಕರು ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಅತಿಥಿ ಶಿಕ್ಷಕರನ್ನು ನಂಬಿ ಗಣಿತ, ವಿಜ್ಞಾನ ನಡೆಯುತ್ತಿರುವ ಶಾಲೆಗಳಲ್ಲಿ ಸಮಾಲೋಚಕರ ಹುದ್ದೆ ಯಾವಾಗ ತುಂಬೀತು ಎಂದು ಕೇಳುವ ಧೈರ್ಯವನ್ನು ನಾವು ಬಿಡಬಾರದು. ಪ್ರತಿ ಶಾಲೆಗೂ ಆಗದಿದ್ದರೆ ಅಕ್ಕಪಕ್ಕದ ಕೆಲವು ಶಾಲೆಗಳು ಸೇರಿದ ಒಂದು ಕ್ಲಸ್ಟರಿಗೆ ಒಬ್ಬರನ್ನಾದರೂ ಕೊಡಿ, ವಾರಕ್ಕೊಂದು ದಿನ ಒಂದೊಂದು ಶಾಲೆಯಲ್ಲಿ ಕೂರಲಿ ಎಂಬುದು ನನ್ನ ಬೇಡಿಕೆ.

ಅಲ್ಲಿಯವರೆಗೆ ಆ ಜಾಗದಲ್ಲಿ ನಿಲ್ಲಬೇಕಾದವರು ಶಿಕ್ಷಕರೇ. ಗುಳೆ ಹೋದ ಮನೆಗಳ ಮಕ್ಕಳ ಪಟ್ಟಿಯನ್ನು ದೀಪಾವಳಿಯ ನಂತರ ಪ್ರತಿ ವರ್ಷ ಹೊಸದಾಗಿ ಮಾಡಬೇಕು. ಅದರಲ್ಲಿ ತಂದೆ-ತಾಯಿಯ ಬೆಂಗಳೂರಿನ ಅಥವಾ ಪುಣೆಯ ಫೋನ್ ಸಂಖ್ಯೆಯ ಜೊತೆಗೆ, ಕೂಗಿದರೆ ಐದು ನಿಮಿಷದಲ್ಲಿ ಬರಬಲ್ಲ ನೆರೆಯವರ ಸಂಖ್ಯೆಯೂ ಇರಬೇಕು. ಮಗುವೇ ಹೆಸರಿಸಿದ ಹಿರಿಯರು ಆದರೆ ಇನ್ನೂ ಒಳ್ಳೆಯದು.

ಒಟ್ಟಿನಲ್ಲಿ ಟೆಲಿ ಮನಸ್ ಸೇವೆಯನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಎಲ್ಲ ಶಿಕ್ಷಕರಿಗೂ ಶಿಫಾರಸು ಮಾಡುತ್ತೇನೆ, ಮುಖ್ಯವಾಗಿ ಮಗುವನ್ನು ಕಂಡು ತಾವೇ ಗಾಬರಿಯಾಗಿರುವ ಶಿಕ್ಷಕರಿಗೆ. 1098ಕ್ಕೂ ಕರೆ ಮಾಡಿ. ಆದರೆ ಕರೆ ಮಾಡುವ ಮುನ್ನವೇ, ತಂಡ ಬಂದು ಹೋದ ಮೇಲೆ ಆ ಮಗುವನ್ನು ಯಾರು ವಾರವಾರ ವಿಚಾರಿಸುತ್ತಾರೆಂಬುದನ್ನು ಶಾಲೆಯಲ್ಲಿ ಗೊತ್ತುಮಾಡಿಕೊಳ್ಳಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಕ್ಕೆ ನಮ್ಮಲ್ಲಿ ಒಂದು ಏರ್ಪಾಟು ಮಾಡಿಕೊಂಡಿದ್ದೇವೆ. ಫಲಿತಾಂಶ ಬರುವುದು ಬೇಸಿಗೆ ರಜೆಯಲ್ಲಿ, ಮಕ್ಕಳು ಅದನ್ನು ನೋಡುವುದು ಒಬ್ಬರೇ ಮೊಬೈಲಿನಲ್ಲಿ. ಆದ್ದರಿಂದ ಹತ್ತನೇ ತರಗತಿಯ ಮಕ್ಕಳನ್ನು ಶಿಕ್ಷಕರು ತಮ್ಮತಮ್ಮಲ್ಲಿ ಹಂಚಿಕೊಂಡು, ಫಲಿತಾಂಶ ಪ್ರಕಟವಾಗುವ ಹಿಂದಿನ ಸಂಜೆಯೇ ಪ್ರತಿ ಮನೆಗೂ ಕರೆ ಮಾಡುತ್ತೇವೆ. ಕಡಿಮೆ ಅಂಕದ ನಿರೀಕ್ಷೆಯಿರುವವರಿಗೆ ಮೊದಲು. ಎಸ್ಸೆಸ್ಸೆಲ್ಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಪರೀಕ್ಷೆ 1ರಲ್ಲಿ ಹೋದ ವಿಷಯವನ್ನು ಕೆಲವೇ ವಾರಗಳಲ್ಲಿ ಪರೀಕ್ಷೆ 2ರಲ್ಲಿ ಬರೆಯಬಹುದು ಎಂಬುದನ್ನು ಮಗುವಿಗಷ್ಟೇ ಅಲ್ಲ, ಫೋನನ್ನು ಅಪ್ಪನಿಗೂ ಕೊಡಿಸಿ ಹೇಳುತ್ತೇವೆ. ಫಲಿತಾಂಶದ ದಿನ ಶಾಲೆಯ ಕಚೇರಿ ಸಂಜೆಯವರೆಗೂ ತೆರೆದಿರುತ್ತದೆ, ಪರೀಕ್ಷೆ 2ರ ನೋಂದಣಿಯನ್ನು ಅಲ್ಲಿಯೇ ಆರಂಭಿಸುತ್ತೇವೆ.